ಕ್ಲಚ್ ಕೇಬಲ್ ಮನೆಯಲ್ಲೇ ರಿಪೇರಿ: ಪ್ರತಿ ತಪ್ಪಿಗೂ ತಂತಿ ಗಿಡ್ಡವಾದ ಕಥೆ

ದಿನ 1, ಸಂಜೆ

ಸಿಗ್ನಲ್‌ನಲ್ಲಿ ಬೈಕನ್ನು ನ್ಯೂಟ್ರಲ್‌ಗೆ ಹಾಕಿ ನಿಂತಿದ್ದೆ. ಹಸಿರು ಬಂತು, ಕ್ಲಚ್ ಎಳೆದೆ, 'ಟಕ್' ಅಂತ ಸದ್ದು. ಲಿವರ್ ಹಿಡಿಕೆಗೆ ಬಂದು ಅಂಟಿಕೊಂಡಿತು. ಕೈಗೆ ಭಾರವೇ ಇಲ್ಲ. ಹಿಂದಿದ್ದವರೆಲ್ಲ ಹಾರ್ನ್ ಹೊಡೆಯುತ್ತಿದ್ದರು, ನಾನು ಗಾಡಿ ತಳ್ಳಿಕೊಂಡು ಪಕ್ಕಕ್ಕೆ ಬಂದೆ.

ಅದು ಹೇಳದೆ ಕೇಳದೆ ಕೈಕೊಟ್ಟದ್ದೇನಲ್ಲ. ಹಿಂದಿನ ವಾರ ಎರಡು ಸಲ ಲಿವರ್ ಸಡಿಲ ಅನ್ನಿಸಿತ್ತು, ಎರಡು ಸಲವೂ ಅಡ್ಜಸ್ಟರ್ ತಿರುಗಿಸಿ ಟೈಟ್ ಮಾಡಿ ಸುಮ್ಮನಾಗಿದ್ದೆ. ಒಂದೇ ವಾರದಲ್ಲಿ ಎರಡು ಸಲ ಯಾಕೆ ಸಡಿಲವಾಯಿತು ಅಂತ ಯೋಚಿಸಲೇ ಇಲ್ಲ. ಒಳಗೆ ತಂತಿಯ ಎಳೆಗಳು ಒಂದೊಂದಾಗಿ ಕಿತ್ತು ಬರುತ್ತಿದ್ದವು, ಉಳಿದವು ಹಿಗ್ಗುತ್ತಿದ್ದವು. ಲಿವರ್ ಬುಡದ ರಬ್ಬರ್ ಸರಿಸಿ ಒಮ್ಮೆ ನೋಡಿದ್ದರೆ ಮುಳ್ಳಿನ ಹಾಗೆ ಎದ್ದಿದ್ದ ಎಳೆಗಳು ಕಾಣುತ್ತಿದ್ದವು.

ಮನೆಗೆ ಎರಡು ಕಿಲೋಮೀಟರ್. ನ್ಯೂಟ್ರಲ್‌ನಲ್ಲಿ ಎಂಜಿನ್ ಶುರು ಮಾಡಿ, ಕಾಲಿನಿಂದ ತಳ್ಳಿ ಸ್ವಲ್ಪ ವೇಗ ಬಂದ ಮೇಲೆ ಫಸ್ಟ್ ಗೇರ್ ಒತ್ತಿದೆ. ಒಂದು ಜರ್ಕ್ ಹೊಡೆದು ಹೊರಟಿತು. ಸೆಕೆಂಡ್‌ಗೆ ಹೋಗುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಆ ಕ್ಷಣದಲ್ಲೇ ಗೇರ್ ಒತ್ತಿದರೆ ಬೀಳುತ್ತದೆ. ನಿಲ್ಲಿಸಬೇಕಾದರೆ ಬಹಳ ಮೊದಲೇ ನ್ಯೂಟ್ರಲ್‌ಗೆ ತರಬೇಕು. ಖಾಲಿ ರಸ್ತೆಯಲ್ಲಿ ಮಾತ್ರ ಹೀಗೆ ಓಡಿಸಿದೆ, ದೊಡ್ಡ ಕ್ರಾಸ್ ಬಂದಾಗ ಇಳಿದು ತಳ್ಳಿದೆ. ಇದನ್ನು ಜಾಸ್ತಿ ದೂರ ಮಾಡಿದರೆ ಗೇರ್‌ಬಾಕ್ಸ್‌ಗೇ ಪೆಟ್ಟು.

ಹೊಸ ಕೇಬಲ್ ಹಾಕಿಬಿಟ್ಟರೆ ಮುಗಿಯಿತಲ್ಲ ಅಂತೀರಾ? ನನ್ನದು ಹಳೆ ಮಾಡೆಲ್. ತರಿಸಬೇಕು, ಕಾಯಬೇಕು. ಜೇಬೂ ಆ ವಾರ ಖಾಲಿ. ಅದಕ್ಕಿಂತ ಹೆಚ್ಚಾಗಿ, ತುಂಡಾದದ್ದು ತುದಿಯ ನಿಪ್ಪಲ್ (ತಂತಿಯ ತುದಿಯಲ್ಲಿದ್ದು ಲಿವರ್‌ನ ಗೂಡಿನಲ್ಲಿ ಕೂರುವ ಪುಟ್ಟ ಲೋಹದ ತುಂಡು) ಹತ್ತಿರ ಮಾತ್ರ. ಉಳಿದ ಒಂದು ಮೀಟರ್ ತಂತಿ ಗಟ್ಟಿಯಾಗಿಯೇ ಇದೆ. ಅದನ್ನು ಎಸೆಯಲು ಮನಸ್ಸು ಬರಲಿಲ್ಲ.

ದಿನ 1, ರಾತ್ರಿ: ಬಿಚ್ಚಿದ್ದು

ಬೇಕಾದದ್ದು 10 ಮತ್ತು 12ರ ಸ್ಪ್ಯಾನರ್, ಇಕ್ಕಳ, ಸ್ಕ್ರೂಡ್ರೈವರ್, ಮತ್ತೆ ಒಂದೂವರೆ ಮೀಟರ್ ಗಟ್ಟಿ ದಾರ.

ಕೆಳಗಿನ ಅಡ್ಜಸ್ಟರ್‌ನ ಎರಡೂ ನಟ್ ಸಡಿಲ ಮಾಡಿದೆ. ಎಂಜಿನ್ ಮೇಲಿನ ಕ್ಲಚ್ ಆರ್ಮ್‌ನಲ್ಲಿ ನಿಪ್ಪಲ್ ಜಾರದ ಹಾಗೆ ಒಂದು ತಗಡಿನ ನಾಲಿಗೆ ಮಡಚಿರುತ್ತದೆ, ಅದನ್ನು ಸ್ಕ್ರೂಡ್ರೈವರ್‌ನಿಂದ ನಿಧಾನಕ್ಕೆ ಎತ್ತಿದೆ. ಅದನ್ನು ನಾಲ್ಕೈದು ಸಲ ಮಡಚಿ ಬಿಚ್ಚಿದರೆ ಮುರಿಯುತ್ತದೆ, ಜೋಪಾನ. ಮೇಲೆ ಲಿವರ್ ಹತ್ತಿರ ಅಡ್ಜಸ್ಟರ್, ಅದರ ಲಾಕ್ ರಿಂಗ್ ಮತ್ತು ಬ್ರಾಕೆಟ್, ಮೂರರ ಸೀಳುಗಳನ್ನೂ ಒಂದೇ ಗೆರೆಗೆ ತಂದರೆ ಕೇಬಲ್ ಪಕ್ಕದಿಂದ ಹೊರಗೆ ಬರುತ್ತದೆ.

ಹೊರಗೆ ಎಳೆಯುವ ಮೊದಲು ಕೇಬಲ್‌ನ ಮೇಲಿನ ತುದಿಗೆ ದಾರ ಕಟ್ಟಿದೆ. ಕೇಬಲ್ ಕೆಳಗಿನಿಂದ ಹೊರಗೆ ಬಂದಾಗ ಅದು ಹೋಗಿದ್ದ ದಾರಿಯಲ್ಲೇ ದಾರ ಉಳಿಯಿತು. ಇಡೀ ಕೆಲಸದಲ್ಲಿ ಮೊದಲ ಸಲಕ್ಕೇ ಸರಿ ಮಾಡಿದ್ದು ಇದೊಂದೇ.

ಅಳತೆಗಳು: ಹೊರ ಕವಚ 940 ಮಿ.ಮೀ. ಒಳ ತಂತಿ 2 ಮಿ.ಮೀ. ದಪ್ಪ. ಲಿವರ್ ಕಡೆಯ ನಿಪ್ಪಲ್ 8 ಮಿ.ಮೀ. ವ್ಯಾಸದ, 9 ಮಿ.ಮೀ. ಉದ್ದದ ಪುಟ್ಟ ಡ್ರಮ್. ನಿಮ್ಮ ಗಾಡಿಯದ್ದು ಬೇರೆ ಇರಬಹುದು, ಅಳೆದೇ ಮುಂದೆ ಹೋಗಿ.

ತುಂಡಾದ ನಿಪ್ಪಲ್ ಲಿವರ್‌ನಲ್ಲೇ ಕೂತಿತ್ತು. ಬೆರಳಿನಿಂದ ಅಲ್ಲಾಡಿಸಿದೆ, ಕದಲಲಿಲ್ಲ. ಇಕ್ಕಳ ಹಾಕಿ ಕೀಳಬೇಕಾಯಿತು. ಸುತ್ತ ತುಕ್ಕು ಮತ್ತು ಒಣಗಿದ ಕೊಳೆ. ಇಲ್ಲೇ ನಿಜವಾದ ಕಾರಣ ಇತ್ತು. ಲಿವರ್ ಎಳೆದಾಗ ನಿಪ್ಪಲ್ ತನ್ನ ಗೂಡಿನಲ್ಲಿ ಸ್ವಲ್ಪ ತಿರುಗಬೇಕು. ಅದು ಜಾಮ್ ಆಗಿದ್ದರೆ ತಿರುಗುವ ಬದಲು ತಂತಿಯೇ ಬಗ್ಗುತ್ತದೆ, ಪ್ರತಿ ಸಲವೂ ಅದೇ ಜಾಗದಲ್ಲಿ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ನಾನು ವರ್ಷಗಟ್ಟಲೆ ಅದನ್ನೇ ಮಾಡುತ್ತಿದ್ದೆ. ಆ ಗೂಡಿಗೆ ಒಂದು ಚಿಟಿಕೆ ಗ್ರೀಸ್ ಹಾಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ತುದಿಯ ಎಳೆಗಳು ಬೇರೆ ಬೇರೆ ಉದ್ದಕ್ಕೆ ಕಿತ್ತಿದ್ದವು. ಟೇಪ್ ಬಿಗಿಯಾಗಿ ಸುತ್ತಿ, ಟೇಪ್ ಮೇಲೆಯೇ ಕತ್ತರಿಸಿ ಸಮ ಮಾಡಿದೆ. ಹೋದದ್ದು 9 ಮಿ.ಮೀ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೆಳೆಯುತ್ತಾ ಹೋಗುತ್ತದೆ.

ದಿನ 2: ಮೊದಲ ಪ್ರಯತ್ನ, ಸ್ಕ್ರೂ ಹಾಕಿದ್ದು

ಮನೆಯ ವೈರಿಂಗ್‌ಗೆ ಬಳಸುವ ಪ್ಲಾಸ್ಟಿಕ್ ಕನೆಕ್ಟರ್ ಪಟ್ಟಿ ಇತ್ತು. ಅದರೊಳಗಿನ ಹಿತ್ತಾಳೆ ತುಂಡು ತೆಗೆದು, ತಂತಿ ತೂರಿಸಿ, ಎರಡು ಸ್ಕ್ರೂಗಳನ್ನೂ ಬಿಗಿದೆ. ಹತ್ತು ನಿಮಿಷದ ಕೆಲಸ. ಇಷ್ಟಕ್ಕೆ ಯಾಕೆ ಎಲ್ಲರೂ ಒದ್ದಾಡುತ್ತಾರೆ ಅಂತ ಮನಸ್ಸಿನಲ್ಲೇ ನಕ್ಕೆ.

ಗಾಡಿಗೆ ಹಾಕುವ ಮೊದಲು ಕೆಳಗಿನ ನಿಪ್ಪಲನ್ನು ವೈಸ್‌ಗೆ ಸಿಕ್ಕಿಸಿ, ಮೇಲಿನ ತುದಿಗೆ ರಾಡ್ ಕೊಟ್ಟು ಎಳೆದು ನೋಡಿದೆ. ಮೂರನೇ ಎಳೆತಕ್ಕೆ ಜಾರಿತು. ಇನ್ನೂ ಬಿಗಿದೆ. ಈ ಸಲ ಜಾರಲಿಲ್ಲ, ಆದರೆ ಸ್ಕ್ರೂವಿನ ಮೂತಿ ಎಳೆಗಳನ್ನೇ ಕತ್ತರಿಸಿತು. ಬಿಚ್ಚಿ ನೋಡಿದಾಗ ಐದು ಎಳೆ ತುಂಡು.

ದಾರಿಯಲ್ಲಿ ಕೇಬಲ್ ಹೋದರೆ ಮನೆ ಮುಟ್ಟಲು ಇದು ಸಾಕು. ಟೂಲ್ ಬ್ಯಾಗ್‌ನಲ್ಲಿ ಒಂದು ಇಟ್ಟುಕೊಳ್ಳಬಹುದು. ದಿನಾ ಓಡಿಸಲು ಅಲ್ಲ. ಹಾಳಾದ 8 ಮಿ.ಮೀ. ಕತ್ತರಿಸಿದೆ. ಒಟ್ಟು ನಷ್ಟ 17.

ದಿನ 2, ರಾತ್ರಿ: ಎರಡನೇ ಪ್ರಯತ್ನ, ಹಳೆ ನಿಪ್ಪಲ್

ಹಳೆ ನಿಪ್ಪಲನ್ನೇ ಬಿಸಿ ಮಾಡಿ ಒಳಗಿನ ತಂತಿ ಚೂರು ತಳ್ಳಿ ತೆಗೆದು, ಮತ್ತೆ ಬೆಸುಗೆ ಹಾಕೋಣ ಅಂದುಕೊಂಡೆ. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ಕೊಟ್ಟೆ. ಒಂದು ನಿಮಿಷವೂ ಆಗಲಿಲ್ಲ, ಅದು ಮೇಣದ ಹಾಗೆ ಕುಸಿದು ಒಂದು ಉಂಡೆಯಾಯಿತು. ಹಿತ್ತಾಳೆ ಅಂದುಕೊಂಡಿದ್ದೆ, ಅದು ಸತುವಿನ ಎರಕ. ಫ್ಯಾಕ್ಟರಿಯಲ್ಲಿ ಅದನ್ನು ತಂತಿಯ ಮೇಲೆಯೇ ಎರಕ ಹೊಯ್ದಿರುತ್ತಾರೆ. ಸತು ಸುಮಾರು 420 ಡಿಗ್ರಿಗೆಲ್ಲ ಕರಗುತ್ತದೆ, ಗ್ಯಾಸ್ ಉರಿಗೆ ಅದು ಯಾವ ಲೆಕ್ಕ? ಅಳತೆಗೆ ಇದ್ದ ಒಂದೇ ಮಾದರಿಯೂ ಹೋಯಿತು. ಅಳೆದು ಬರೆದಿಟ್ಟಿದ್ದರಿಂದ ಬಚಾವ್.

ದಿನ 3: ಹೊಸ ನಿಪ್ಪಲ್, ಹಳೆ ದಡ್ಡತನ

8 ಮಿ.ಮೀ. ಹಿತ್ತಾಳೆ ರಾಡಿನ ಒಂದು ಗೇಣು ತುಂಡು ಸಿಕ್ಕಿತು. ಹ್ಯಾಕ್ಸಾದಲ್ಲಿ 9 ಮಿ.ಮೀ. ಕತ್ತರಿಸಿ, ಅರದಿಂದ ಎರಡೂ ಮುಖ ಸಮ ಮಾಡಿದೆ. ಈಗ ಅದರ ಹೊಟ್ಟೆಗೆ ಅಡ್ಡಲಾಗಿ ತಂತಿ ಹೋಗುವ ತೂತು ಬೇಕು.

ದುಂಡನೆಯ ಮೈ ಮೇಲೆ ಡ್ರಿಲ್ ಇಟ್ಟರೆ ಬಿಟ್ ನಿಲ್ಲುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ಮೊದಲನೆಯದರಲ್ಲಿ ತೂತು ಒಂದು ಕಡೆಗೆ ವಾಲಿ ಅಂಚಿನ ಹತ್ತಿರ ಹೊರಬಂತು. ಅರ್ಧ ಗಂಟೆ ಉಜ್ಜಿ ಮಾಡಿದ್ದು ಅರ್ಧ ನಿಮಿಷದಲ್ಲಿ ಹಾಳು, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರಲ್ಲ ಹಾಗೆ. ಎರಡನೆಯದಕ್ಕೆ ಬುದ್ಧಿ ಬಂತು. ತೂತು ಬೇಕಾದ ಜಾಗದಲ್ಲಿ ಮೊದಲು ಅರದಿಂದ ಸಣ್ಣ ಚಪ್ಪಟೆ ಮಾಡಿದೆ, ಸೆಂಟರ್ ಪಂಚ್ ಹೊಡೆದೆ, 1.5ರ ಬಿಟ್‌ನಿಂದ ಶುರು ಮಾಡಿ ಆಮೇಲೆ 2.2ಕ್ಕೆ ಹೋದೆ. ಇನ್ನೊಂದು ಬದಿಯಲ್ಲಿ 4ರ ಬಿಟ್‌ನಿಂದ ಎರಡೂವರೆ ಮಿ.ಮೀ. ಆಳಕ್ಕೆ ಬಟ್ಟಲಿನ ಹಾಗೆ ಅಗಲ ಮಾಡಿದೆ. ಎಳೆಗಳು ಅರಳಿ ಕೂರುವುದು ಈ ಬಟ್ಟಲಿನಲ್ಲೇ. ತಂತಿ ಒಳಬರುವ ಬದಿಯ ತೂತಿನ ಅಂಚನ್ನು ಸ್ವಲ್ಪ ಉಜ್ಜಿ ದುಂಡಗೆ ಮಾಡಿ. ಚೂಪಾಗಿ ಬಿಟ್ಟರೆ ತಂತಿ ಅಲ್ಲೇ ಮತ್ತೆ ಕಡಿಯುತ್ತದೆ.

ಇಷ್ಟು ಚೆನ್ನಾಗಿ ನಿಪ್ಪಲ್ ಮಾಡಿ ಬೆಸುಗೆಯಲ್ಲಿ ಕೆಟ್ಟೆ. ಇದೇ ಮೂರನೇ ಪ್ರಯತ್ನ. ನನ್ನ ಹತ್ತಿರ ಇದ್ದದ್ದು ರೇಡಿಯೋ ಕೆಲಸದ 25 ವ್ಯಾಟ್ ಸೋಲ್ಡರಿಂಗ್ ಐರನ್, ಮತ್ತು ಒಳಗೆ ರಾಳ ತುಂಬಿದ ಸೋಲ್ಡರ್ ತಂತಿ. ಅದು ತಾಮ್ರಕ್ಕೆ ಸರಿ. ಉಕ್ಕಿನ ಎಳೆಗಳ ಮೇಲೆ ಸೋಲ್ಡರ್ ಹರಡಲೇ ಇಲ್ಲ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಗುಂಡಗೆ ಉರುಳಿತು. ಹಿತ್ತಾಳೆ ತುಂಡು ಐರನ್ನಿನ ಬಿಸಿಯನ್ನೆಲ್ಲ ಹೀರಿಕೊಂಡಿತು. ಹೇಗೋ ಮಾಡಿ ಮೇಲಿಂದ ಒಂದು ಹೊಳೆಯುವ ಗುಡ್ಡೆ ಮಾಡಿದೆ. ನೋಡಲು ಎಷ್ಟು ಚೆಂದ ಇತ್ತು ಅಂದರೆ ಫೋಟೋ ಕೂಡ ತೆಗೆದೆ. ಒಂದೇ ಎಳೆತ, ತಂತಿ ಸಲೀಸಾಗಿ ಹೊರಗೆ ಬಂತು, ಸೋಲ್ಡರ್ ನಿಪ್ಪಲ್‌ನಲ್ಲೇ ಉಳಿಯಿತು.

ತಂತಿ ತುದಿ ನೋಡಿದರೆ ಎಳೆಗಳ ನಡುವೆ ಹಳೆ ಎಣ್ಣೆ ಹಾಗೇ ಇದೆ. ಮೇಲೆ ಒರೆಸಿದ್ದೆ ಅಷ್ಟೇ. 5 ಮಿ.ಮೀ. ಮತ್ತೆ ಹೋಯಿತು. ಒಟ್ಟು 22.

ಈ ಹಂತದಲ್ಲಿ ಸೈಕಲ್ ಬ್ರೇಕ್ ತಂತಿ ಹಾಕಿಬಿಡೋಣ ಅಂತ ಆಸೆಯಾಗಿದ್ದು ನಿಜ. ಅಗ್ಗ, ತುದಿಗೆ ನಿಪ್ಪಲ್ ಕೂಡ ಇರುತ್ತದೆ. ಆದರೆ ಅಳೆದರೆ 1.5 ಮಿ.ಮೀ. ದಪ್ಪ. 2 ಮಿ.ಮೀ. ತಂತಿಗೆ ಹೋಲಿಸಿದರೆ ಉಕ್ಕು ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ಬಿಟ್ಟೆ.

ದಿನ 4: ಮೊದಲು ಹೊರ ಕವಚ

ಬೆಸುಗೆಗೆ ಕೈ ಹಾಕುವ ಮೊದಲು ಲೆಕ್ಕ ಮಾಡಬೇಕಿತ್ತು. 22 ಮಿ.ಮೀ. ಹೋಗಿದೆ, ಹೊಸ ನಿಪ್ಪಲ್ ಒಳಗೆ ಇನ್ನೊಂದು 8 ಹೋಗುತ್ತದೆ. ಒಟ್ಟು 30. ಇಷ್ಟನ್ನು ಅಡ್ಜಸ್ಟರ್ ಕೊಡುವುದಿಲ್ಲ. ಆದರೆ ಕೇಬಲ್‌ಗೆ ಒಳ ತಂತಿಯ ಉದ್ದ ಮುಖ್ಯವಲ್ಲ, ಕವಚದಿಂದ ಎಷ್ಟು ತಂತಿ ಹೊರಗಿದೆ ಅನ್ನುವುದು ಮುಖ್ಯ. ಒಳಗೆ 30 ಕಡಿಮೆಯಾದರೆ ಕವಚವನ್ನೂ 30 ಕತ್ತರಿಸಿದರಾಯಿತು.

ಕತ್ತರಿಸಬಹುದೇ ಅಂತ ದಾರದಲ್ಲಿ ನೋಡಿದೆ. ಹ್ಯಾಂಡಲನ್ನು ಬಲಕ್ಕೆ ಪೂರ್ತಿ, ಎಡಕ್ಕೆ ಪೂರ್ತಿ ತಿರುಗಿಸಿ, ಕೇಬಲ್ ದಾರಿಯಲ್ಲಿ ದಾರ ಹಿಡಿದು ಅಳೆದೆ. ಹೆಡ್‌ಲೈಟ್ ಹಿಂದಿನ ಬಳುಕಿನಲ್ಲಿ ಸುಮಾರು 45 ಮಿ.ಮೀ. ಸಡಿಲ ಇತ್ತು. ಅದಿಲ್ಲದಿದ್ದರೆ ಇಲ್ಲಿಗೇ ಕೈಬಿಟ್ಟು ಹೊಸ ಕೇಬಲ್ ತರಿಸುತ್ತಿದ್ದೆ.

ತುದಿಯ ಲೋಹದ ಟೋಪಿ ಬಿಡಿಸಿ, ಕಟಿಂಗ್ ಪ್ಲೈಯರ್‌ನಿಂದ ಕವಚ ಕತ್ತರಿಸಿದೆ. ತಪ್ಪು. ಕವಚ ಅಂದರೆ ಚಪ್ಪಟೆ ಉಕ್ಕಿನ ಪಟ್ಟಿಯನ್ನು ಸ್ಪ್ರಿಂಗ್ ಹಾಗೆ ಸುತ್ತಿದ್ದು, ಅದರೊಳಗೆ ಪ್ಲಾಸ್ಟಿಕ್ ಕೊಳವೆ. ಪ್ಲೈಯರ್ ಒತ್ತಿದಾಗ ತುದಿ ನಜ್ಜುಗುಜ್ಜಾಗಿ ಒಳಕ್ಕೆ ಮಡಚಿತು. ತಂತಿ ತೂರಿಸಿ ಎಳೆದರೆ ಮರಳಿನಲ್ಲಿ ಎಳೆದ ಹಾಗೆ ಕರಕರ. ಮತ್ತೆ ಕತ್ತರಿಸಬೇಕಾಯಿತು. ಈ ಸಲ ಕವಚದೊಳಗೆ ಒಂದು ಮೊಳೆ ತೂರಿಸಿ, ವೈಸ್‌ನಲ್ಲಿ ಬಟ್ಟೆ ಸುತ್ತಿ ಹಿಡಿದು, ಹೊಸ ಹ್ಯಾಕ್ಸಾ ಬ್ಲೇಡ್‌ನಿಂದ ಕೊಯ್ದೆ. ಮೊಳೆ ಇದ್ದರೆ ಕೊಳವೆ ಚಪ್ಪಟೆಯಾಗುವುದಿಲ್ಲ. ಆಮೇಲೆ ಅರದಿಂದ ಮುಖ ಸಮ ಮಾಡಿ, ಮೊಳೆಯ ತುದಿಯಿಂದ ಒಳ ಅಂಚು ಬಿಡಿಸಿ, ಪುಡಿ ಊದಿ, ಟೋಪಿ ಹಾಕಿದೆ. 30ರ ಬದಲು 34 ಹೋಯಿತು. ಹೆಚ್ಚಾದ 4 ಮಿ.ಮೀ.ಗೆ ಮೇಲಿನ ಅಡ್ಜಸ್ಟರ್ ಮೂರು ಸುತ್ತು ಹೊರಗೆ ತಿರುಗಿಸಿದರೆ ಸರಿಹೋಗುತ್ತದೆ, ಚಿಂತೆ ಇಲ್ಲ.

ದಿನ 5: ನಾಲ್ಕನೇ ಪ್ರಯತ್ನ, ಬೆಸುಗೆ

ತಂದದ್ದು: 60/40 ತವರ ಸೀಸದ ಸೋಲ್ಡರ್ ಕಡ್ಡಿ, ಸೋಲ್ಡರ್ ಲೋಹದ ಮೇಲೆ ಹರಡಿ ಹಿಡಿಯಲೆಂದು ಹಚ್ಚುವ, ಸತುವಿನ ಕ್ಲೋರೈಡ್ ಇರುವ ಆಸಿಡ್ ಫ್ಲಕ್ಸ್. ಈ ಸೋಲ್ಡರ್ 190 ಡಿಗ್ರಿಯ ಹತ್ತಿರ ಪೂರ್ತಿ ಕರಗುತ್ತದೆ, ಅಷ್ಟು ಬಿಸಿಗೆ ಉಕ್ಕಿನ ಎಳೆಗಳ ಬಿಗಿ ಹೋಗುವುದಿಲ್ಲ. ತಂತಿ ಕೆಂಪಗಾಗುವಷ್ಟು ಕಾಯಿಸುವ ಬ್ರೇಜಿಂಗ್ ಇಲ್ಲಿ ಬೇಡವೇ ಬೇಡ. ಎಳೆಗಳು ಮೆತ್ತಗಾಗುತ್ತವೆ. ನಿಮ್ಮ ತಂತಿ ಸ್ಟೇನ್‌ಲೆಸ್ ಆಗಿದ್ದರೆ ಈ ಕೆಲಸ ಇನ್ನೂ ಕಷ್ಟ, ಅದಕ್ಕೆ ಬೇರೆ ಫ್ಲಕ್ಸ್ ಬೇಕು.

ತಂತಿಯ ತುದಿಯನ್ನು ಥಿನ್ನರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಲ್ಲುಜ್ಜುವ ಹಳೆ ಬ್ರಷ್‌ನಿಂದ ಎಳೆ ಬಿಡಿಸಿ ಉಜ್ಜಿದೆ. ಎರಡು ಸಲ. ಥಿನ್ನರ್ ಡಬ್ಬಿ ಮುಚ್ಚಿ ದೂರ ಇಟ್ಟು, ತಂತಿ ಪೂರ್ತಿ ಒಣಗಿದ ಮೇಲೆಯೇ ಉರಿ ಹಚ್ಚಿದ್ದು.

ತಂತಿಯನ್ನು ಕವಚಕ್ಕೆ ತೂರಿಸಿ, ನಿಪ್ಪಲ್ ಪೋಣಿಸಿ, ಬಟ್ಟಲಿನ ಕಡೆಯಿಂದ ಹೊರಬಂದ ಎರಡೂವರೆ ಮಿ.ಮೀ. ಎಳೆಗಳನ್ನು ಸೂಜಿಯಿಂದ ಒಂದೊಂದಾಗಿ ಬಿಡಿಸಿ ಹೂವಿನ ಹಾಗೆ ಅರಳಿಸಿದೆ. ಬರೀ ಸೋಲ್ಡರ್ ಹಿಡಿತ ನಂಬಬಾರದು. ಅರಳಿದ ಎಳೆಗಳು ಬಟ್ಟಲಿನಲ್ಲಿ ಸಿಕ್ಕಿಕೊಂಡರೆ, ತಂತಿ ಜಾರಬೇಕಾದರೆ ಇಡೀ ಹೂವೇ ಸಣ್ಣ ತೂತಿನಲ್ಲಿ ನುಗ್ಗಬೇಕು.

ಹಳೆಯ ಸ್ಟೀಲ್ ಸೌಟಿನಲ್ಲಿ ಸೋಲ್ಡರ್ ಕರಗಿಸಿದೆ. ಅದು ಇನ್ನು ಅಡುಗೆಮನೆಗೆ ವಾಪಸ್ ಹೋಗುವ ಹಾಗಿಲ್ಲ, ಸೀಸ. ಕೆಲಸ ಮಾಡಿದ್ದು ಹೊರಗೆ, ಗಾಳಿಯಲ್ಲಿ, ಕನ್ನಡಕ ಹಾಕಿಕೊಂಡು. ಕನ್ನಡಕ ಹಾಕಿದ್ದು ಪುಣ್ಯ. ಫ್ಲಕ್ಸ್ ಹಚ್ಚಿದ ನಿಪ್ಪಲನ್ನು ಹಸಿಯಾಗಿಯೇ ಅದ್ದಿದೆ, 'ಚಟ್' ಅಂತ ಸಿಡಿದು ಒಂದು ಹನಿ ಮಣಿಕಟ್ಟಿಗೆ ಬಿತ್ತು. ಇವತ್ತಿಗೂ ಕಲೆ ಇದೆ. ಎರಡನೇ ಸಲ ನಿಪ್ಪಲನ್ನು ಸೌಟಿನ ಮೇಲೆ ಸ್ವಲ್ಪ ಹೊತ್ತು ಹಿಡಿದು, ಫ್ಲಕ್ಸಿನ ನೀರು ಆರಿದ ಮೇಲೆ ನಿಧಾನಕ್ಕೆ ಇಳಿಸಿದೆ. ಹದಿನೈದು ಸೆಕೆಂಡ್‌ಗೆ ಗುಳ್ಳೆ ನಿಂತಿತು. ಎತ್ತಿ ನೋಡಿದರೆ ಎಳೆಗಳ ನಡುವೆಯೆಲ್ಲ ಬೆಳ್ಳಗೆ ಹರಿದು ಕೂತಿದೆ. ಮೊನ್ನೆಯ ಗುಡ್ಡೆಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಅದ್ದುವಾಗ ನಿಪ್ಪಲ್‌ನಿಂದ 5 ಮಿ.ಮೀ. ದೂರದಲ್ಲಿ ತಂತಿಯನ್ನು ಇಕ್ಕಳದಿಂದ ಹಿಡಿದಿದ್ದೆ. ಇಕ್ಕಳ ಬಿಸಿ ಹೀರಿಕೊಳ್ಳುತ್ತದೆ, ಸೋಲ್ಡರ್ ತಂತಿಯುದ್ದಕ್ಕೂ ಹತ್ತುವುದಿಲ್ಲ. ಹತ್ತಿದರೆ ಅಷ್ಟು ಉದ್ದ ತಂತಿ ಸಲಾಕೆಯ ಹಾಗೆ ಬಿರುಸಾಗಿ, ಅದರ ಕೊನೆಯಲ್ಲೇ ಮತ್ತೆ ಮುರಿಯುತ್ತದೆ.

ಆರಿದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ಅದ್ದಿ ಆಸಿಡ್ ತೊಳೆದು, ಒಣಗಿಸಿ, ಮೈಮೇಲಿನ ಸೋಲ್ಡರ್ ಅರದಿಂದ ತೆಗೆದೆ. ಲಿವರ್ ಗೂಡಿನಲ್ಲಿ ಇಟ್ಟು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ತಿರುಗಿತು.

ಖುಷಿಯಲ್ಲಿ ಎದ್ದು ನಿಂತಾಗ ಮೇಜಿನ ಮೇಲೆ ಕಂಡದ್ದು ಲಿವರ್ ಬುಡದ ರಬ್ಬರ್ ಟೋಪಿ. ಅದನ್ನು ನಿಪ್ಪಲ್‌ಗಿಂತ ಮೊದಲು ತಂತಿಗೆ ಪೋಣಿಸಬೇಕಿತ್ತು. ಅಡ್ಜಸ್ಟರ್‌ಗೆ ಸೀಳು ಇದೆ, ಪಕ್ಕದಿಂದ ಹೋಗುತ್ತದೆ. ರಬ್ಬರ್‌ಗೆ ಎಲ್ಲಿಯ ಸೀಳು? ಬ್ಲೇಡ್ ತಗೊಂಡು ಉದ್ದಕ್ಕೆ ಸೀಳಿ ಹಾಕಿದೆ. ಈಗಲೂ ಸ್ವಲ್ಪ ಬಾಯಿ ಬಿಟ್ಟುಕೊಂಡಿದೆ.

ದಿನ 5, ರಾತ್ರಿ: ಭಾರ ಕಟ್ಟಿದ್ದು

ತಂತಿ ನಿಪ್ಪಲ್‌ನಿಂದ ಹೊರಬರುವ ಜಾಗದಲ್ಲಿ ಮಾರ್ಕರ್‌ನಿಂದ ಗೆರೆ ಎಳೆದೆ. ನಿಪ್ಪಲನ್ನು ಕಬ್ಬಿಣದ ಪಟ್ಟಿಯ ಸೀಳಿನಲ್ಲಿ ಕೂರಿಸಿ, ಕೆಳಗೆ 20 ಲೀಟರ್‌ನ ಎರಡು ನೀರಿನ ಕ್ಯಾನ್ ತೂಗುಹಾಕಿದೆ. 40 ಕಿಲೋ. ಒಂದು ಎಳೆತಕ್ಕೆ ನಿಂತರೆ ಸಾಲದು, ಸೋಲ್ಡರ್ ಭಾರಕ್ಕೆ ನಿಧಾನಕ್ಕೆ ಜಾರುವುದೂ ಉಂಟು, ಅದಕ್ಕೇ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಗೆರೆ ಇದ್ದಲ್ಲೇ ಇತ್ತು.

ದಿನ 6: ಎಣ್ಣೆ, ಜೋಡಣೆ

ಎಣ್ಣೆ ಈಗ. ಬೆಸುಗೆಗೆ ಮೊದಲು ಬಿಟ್ಟಿದ್ದರೆ ಮತ್ತೆ ಅದೇ ಕಥೆ. ಪ್ಲಾಸ್ಟಿಕ್ ಚೀಲದ ಮೂಲೆಗೆ ಸಣ್ಣ ತೂತು ಮಾಡಿ, ಕವಚದ ಮೇಲಿನ ತುದಿಗೆ ರಬ್ಬರ್ ಬ್ಯಾಂಡ್‌ನಿಂದ ಬಿಗಿದು, ಎರಡು ಚಮಚ ತೆಳು ಮೆಷಿನ್ ಎಣ್ಣೆ ಹಾಕಿ ತೂಗುಹಾಕಿದೆ. ಮೊದಲು ಕೆಳಗಿನಿಂದ ಕಪ್ಪು ಕೊಳೆ ಬಂತು, ನಾಲ್ಕು ಗಂಟೆಯ ನಂತರ ತಿಳಿ ಎಣ್ಣೆ. ಗಟ್ಟಿ ಗ್ರೀಸ್ ಕವಚದೊಳಗೆ ಬೇಡ, ಪ್ಲಾಸ್ಟಿಕ್ ಕೊಳವೆಯಲ್ಲಿ ಅಂಟಾಗಿ ಲಿವರ್ ಭಾರವಾಗುತ್ತದೆ. ಗ್ರೀಸ್ ಏನಿದ್ದರೂ ಎರಡು ತುದಿಯ ನಿಪ್ಪಲ್‌ಗೆ ಮತ್ತು ಲಿವರ್ ಬೋಲ್ಟ್‌ಗೆ.

ದಾರ ಕಟ್ಟಿ ಎಳೆದೆ, ಕೇಬಲ್ ತನ್ನ ಹಳೆ ದಾರಿಯಲ್ಲೇ ಹೋಯಿತು. ಕೆಳಗಿನ ಅಡ್ಜಸ್ಟರ್‌ನಲ್ಲಿ ಹೆಚ್ಚಿನ ಸಡಿಲ ತೆಗೆದು, ಮೇಲಿನದರಲ್ಲಿ ಸಣ್ಣ ಹೊಂದಾಣಿಕೆ. ಲಿವರ್ ತುದಿಯಲ್ಲಿ 12 ಮಿ.ಮೀ. ಫ್ರೀ ಪ್ಲೇ ಇಟ್ಟೆ, ಅಂದರೆ ತಂತಿ ಬಿಗಿಯಾಗುವ ಮೊದಲು ಲಿವರ್ ಸುಮ್ಮನೆ ಆಡುವ ದೂರ. ಫ್ರೀ ಪ್ಲೇ ಇಲ್ಲದೆ ಬಿಗಿದರೆ ಕ್ಲಚ್ ಸದಾ ಅರ್ಧ ಒತ್ತಿದಂತಿದ್ದು ಪ್ಲೇಟ್ ಸುಡುತ್ತದೆ, ಜಾಸ್ತಿ ಸಡಿಲ ಬಿಟ್ಟರೆ ಗೇರ್ ಕಿರುಗುಟ್ಟುತ್ತದೆ.

ಸೆಂಟರ್ ಸ್ಟ್ಯಾಂಡ್ ಹಾಕಿ, ಫಸ್ಟ್ ಗೇರ್‌ನಲ್ಲಿ ಕ್ಲಚ್ ಹಿಡಿದು ಹಿಂದಿನ ಚಕ್ರ ಕೈಯಿಂದ ತಿರುಗಿಸಿದೆ, ತಿರುಗಿತು. ಹ್ಯಾಂಡಲ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ ಮತ್ತೆ ಫ್ರೀ ಪ್ಲೇ ಅಳೆದೆ. ಎಡಕ್ಕೆ 12, ಬಲಕ್ಕೆ 9. ಅಂದರೆ ಎಲ್ಲೋ ಬಿಗಿಯುತ್ತಿದೆ. ಹೆಡ್‌ಲೈಟ್ ಹಿಂದಿನ ಕ್ಲಿಪ್‌ನಿಂದ ಕೇಬಲ್ ಬಿಡಿಸಿದ ಮೇಲೆ ಎರಡೂ ಕಡೆ 12 ಬಂತು. ಗಿಡ್ಡವಾದ ಕವಚಕ್ಕೆ ಆ ಕ್ಲಿಪ್‌ವರೆಗೆ ಹೋಗಲು ಉದ್ದ ಸಾಲುತ್ತಿರಲಿಲ್ಲ.

ಖರ್ಚು

ಹಿತ್ತಾಳೆ ರಾಡ್, ಸೋಲ್ಡರ್, ಫ್ಲಕ್ಸ್ ಸೇರಿ ಹೊಸ ಕೇಬಲ್ ಬೆಲೆಯ ಮೂರರಲ್ಲಿ ಒಂದು ಭಾಗ. ಮುರಿದ ಡ್ರಿಲ್ ಬಿಟ್, ಹ್ಯಾಕ್ಸಾ ಬ್ಲೇಡ್, ಥಿನ್ನರ್, ಸೌಟು ಎಲ್ಲ ಸೇರಿಸಿದರೆ ಮುಕ್ಕಾಲು ಭಾಗ. ಆರು ದಿನದ ಸಂಜೆಗಳಿಗೆ ಲೆಕ್ಕ ಇಟ್ಟಿಲ್ಲ. ನಿಮ್ಮ ಗಾಡಿಗೆ ಕೇಬಲ್ ಸುಲಭವಾಗಿ ಸಿಗುವುದಾದರೆ ತಂದು ಹಾಕಿಬಿಡಿ.

ಇನ್ನೊಂದು ಮಾತು. ಇದನ್ನು ಬ್ರೇಕ್ ಕೇಬಲ್‌ಗೆ ಮಾಡಬೇಡಿ. ಕ್ಲಚ್ ಹೋದರೆ ತಳ್ಳಿಕೊಂಡು ಬರಬಹುದು.

640 ಕಿ.ಮೀ. ಆದ ಮೇಲೆ

ಮೊದಲ ದಿನ ಫ್ರೀ ಪ್ಲೇ 12ರಿಂದ 16ಕ್ಕೆ ಹೋಯಿತು. ಎದೆ ಧಸಕ್ಕೆಂದಿತು. ರಬ್ಬರ್ ಸರಿಸಿ ನೋಡಿದೆ, ಗೆರೆ ಕದಲಿಲ್ಲ, ಕವಚದ ಟೋಪಿ ಸರಿಯಾಗಿ ಕೂತುಕೊಂಡದ್ದಷ್ಟೇ. ಒಂದು ಸುತ್ತು ತಿರುಗಿಸಿದೆ. ಆಮೇಲೆ 12ರಲ್ಲೇ ನಿಂತಿದೆ. ಪ್ರತಿ ಭಾನುವಾರ ರಬ್ಬರ್ ಸರಿಸಿ ಎಳೆ ಎದ್ದಿದೆಯೇ ನೋಡುತ್ತೇನೆ, ರಬ್ಬರ್ ಸೀಳಿದ್ದರಿಂದ ಆ ಕೆಲಸ ಈಗ ಸುಲಭ. ಹೊಸ ಕೇಬಲ್ ಕೂಡ ತರಿಸಿ ಸೀಟಿನ ಕೆಳಗೆ ಸುತ್ತಿ ಇಟ್ಟಿದ್ದೇನೆ. ಹಿತ್ತಾಳೆ ರಾಡು ಇನ್ನೂ ಹತ್ತು ಹದಿನೈದು ನಿಪ್ಪಲ್‌ಗೆ ಆಗುವಷ್ಟು ಉಳಿದಿದೆ.